ಎವೆಲಿನ್ ಡಿ ಮಾರ್ಗನ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೇಜಿನ ಎದುರು ಗೋಡೆಯ ಮೇಲೆ ‘ಫ್ಲೋರಾ’ ಚಿತ್ರದ ಒಂದು ಪ್ರಿಂಟ್ ಇದೆ. ಮನೆಗೆ ಬಂದವರು ಅದರ ಮುಂದೆ ಒಂದು ನಿಮಿಷವಾದರೂ ನಿಲ್ಲುತ್ತಾರೆ. ಇದನ್ನು ಬರೆದವರು ಯಾರು ಅಂತ ಕೇಳುತ್ತಾರೆ. ಎವೆಲಿನ್ ಡಿ ಮಾರ್ಗನ್ ಅಂತ ಹೇಳಿದ ಕೂಡಲೇ ಇನ್ನೂ ಹತ್ತು ಪ್ರಶ್ನೆ ಬರುತ್ತವೆ. ಪ್ರತಿ ಸಲ ಅವೇ ಪ್ರಶ್ನೆಗಳು. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಯಾರು ಈ ಎವೆಲಿನ್?

ಇಂಗ್ಲೆಂಡಿನ ಚಿತ್ರಕಲಾವಿದೆ. 1855ರ ಆಗಸ್ಟ್ 30ರಂದು ಲಂಡನ್ನಿನಲ್ಲಿ ಹುಟ್ಟಿದರು. 1919ರ ಮೇ 2ರಂದು ಅಲ್ಲೇ ತೀರಿಕೊಂಡರು. ಸುಮಾರು ನೂರು ತೈಲಚಿತ್ರಗಳನ್ನು ಬರೆದರು. ಗ್ರೀಕ್ ಪುರಾಣ, ಬೈಬಲ್, ಸಾವು, ಆತ್ಮ, ದುಡ್ಡಿನ ಆಸೆ, ಯುದ್ಧ, ಇವೆಲ್ಲ ಅವರ ವಿಷಯಗಳು. ಮದುವೆಗೆ ಮುಂಚಿನ ಹೆಸರು ಮೇರಿ ಎವೆಲಿನ್ ಪಿಕರಿಂಗ್.

ಡಿ ಮಾರ್ಗನ್ ಅಂದ್ರೆ ಪಿಯುಸಿಯಲ್ಲಿ ಓದಿದ ಆ ಗಣಿತದ ಡಿ ಮಾರ್ಗನ್ನಾ?

ಹೌದು, ಅದೇ ಮನೆ! ಗಣಗಳ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ‘ಡಿ ಮಾರ್ಗನ್ ನಿಯಮ’ದ ಆಗಸ್ಟಸ್ ಡಿ ಮಾರ್ಗನ್ ಎವೆಲಿನ್ ಅವರ ಮಾವ. ಅವರು ಹುಟ್ಟಿದ್ದು ನಮ್ಮ ಪಕ್ಕದ ತಮಿಳುನಾಡಿನ ಮದುರೆಯಲ್ಲಿ, 1806ರಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದರು. ಮುಂದೆ ಆಗಸ್ಟಸ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೊದಲ ಗಣಿತ ಪ್ರೊಫೆಸರ್ ಆದರು. ಆದರೆ ಎವೆಲಿನ್ ಆ ಮನೆಗೆ ಸೊಸೆಯಾಗಿ ಹೋಗುವ ಹೊತ್ತಿಗೆ ಮಾವ ಇರಲಿಲ್ಲ. 1871ರಲ್ಲೇ ತೀರಿಕೊಂಡಿದ್ದರು. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಮಾವ ಗಣಿತ ಕಲಿಸಿದ ಕಾಲೇಜಿನ ಅಂಗಳದಲ್ಲೇ ಸೊಸೆ ಚಿತ್ರ ಕಲಿತರು. ಸ್ಲೇಡ್ ಕಲಾಶಾಲೆ ಇದ್ದದ್ದು ಅದೇ ಕಾಲೇಜಿನೊಳಗೆ.

ನಿಜಕ್ಕೂ ಶ್ರೀಮಂತ ಮನೆತನವೇ?

ದುಡ್ಡೂ ಇತ್ತು, ಮನೆತನದ ಹೆಸರೂ ಇತ್ತು. ಅಪ್ಪ ಪರ್ಸಿವಲ್ ಪಿಕರಿಂಗ್ ದೊಡ್ಡ ವಕೀಲರು. ಮನೆ ಇದ್ದದ್ದು ಲಂಡನ್ನಿನ ಅಪ್ಪರ್ ಗ್ರೋವ್‌ನರ್ ಬೀದಿಯಲ್ಲಿ. ಆ ಕಾಲದಲ್ಲಿ ಸಿರಿವಂತರೇ ಇರುವ ಕೇರಿ ಅದು. ತಾಯಿ ಆನಾ ಮರಿಯಾ ಸ್ಪೆನ್ಸರ್ ಸ್ಟ್ಯಾನ್‌ಹೋಪ್ ಕಡೆಯಿಂದ ಜಹಗೀರುದಾರರ ರಕ್ತ. ತಾಯಿಯ ಅಜ್ಜ ನಾರ್ಫೋಕ್‌ನ ಥಾಮಸ್ ಕೋಕ್. ಲೆಸ್ಟರ್‌ನ ಅರ್ಲ್ ಅನ್ನುವ ಪದವಿ ಪಡೆದವರು. ತಾಯಿಯ ತವರು ಯಾರ್ಕ್‌ಷೈರ್‌ನ ಬಾರ್ನ್ಸ್‌ಲಿ ಊರಿನ ಹತ್ತಿರದ ಕ್ಯಾನನ್ ಹಾಲ್ ಅನ್ನುವ ದೊಡ್ಡ ಬಂಗಲೆ. ಆ ಬಂಗಲೆಯ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಅಷ್ಟು ಅನುಕೂಲ ಇದ್ದ ಮನೆಯಲ್ಲಿ ಚಿತ್ರ ಕಲಿಯುವುದಕ್ಕೆ ಏನು ಕಷ್ಟ?

ಜನ ಎಡವುವುದೇ ಇಲ್ಲಿ. ಕಲಿಯುವುದಕ್ಕೆ ಯಾರದ್ದೂ ಅಡ್ಡಿ ಇರಲಿಲ್ಲ. ಮನೆಯಲ್ಲೇ ತಮ್ಮಂದಿರ ಜೊತೆ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್, ಇಟಾಲಿಯನ್ ಎಲ್ಲ ಕಲಿಸಿದರು. ಆ ಕಾಲದ ಹೆಣ್ಣುಮಗಳಿಗೆ ಇದು ದೊಡ್ಡ ಮಾತು. ಚಿತ್ರ ಹೇಳಿಕೊಡುವುದಕ್ಕೂ ಮೇಷ್ಟ್ರು ಬರುತ್ತಿದ್ದರು. ಪಿಯಾನೋ ಬರಬೇಕು, ಕಸೂತಿ ಬರಬೇಕು, ಒಂದೆರಡು ಹೂವಿನ ಚಿತ್ರ ಬರೆಯಲು ಬರಬೇಕು. ಹುಡುಗಿಯನ್ನು ನೋಡಲು ಬಂದವರಿಗೆ ತೋರಿಸಲು ಅಷ್ಟು ಸಾಕು. ಅದನ್ನೇ ಕೆಲಸ ಮಾಡಿಕೊಳ್ಳುತ್ತೇನೆ, ಚಿತ್ರ ಮಾರಿ ಬದುಕುತ್ತೇನೆ ಅಂದರೆ ಮಾತ್ರ ಮನೆತನದ ಮರ್ಯಾದೆ ಹೋದ ಹಾಗೆ.

ತಂಗಿ ವಿಲ್ಹೆಲ್ಮಿನಾ ಮುಂದೆ ಅಕ್ಕನ ಬದುಕಿನ ಬಗ್ಗೆ ಬರೆದರು. ಮಗಳು ಕಲಾವಿದೆ ಆಗುವುದು ತಾಯಿಗೆ ಇಷ್ಟ ಇರಲಿಲ್ಲ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಎವೆಲಿನ್ ಕೋಣೆಯ ಬಾಗಿಲು ಹಾಕಿಕೊಂಡು ಗುಟ್ಟಾಗಿ ಚಿತ್ರ ಬರೆಯುತ್ತಿದ್ದರಂತೆ. ಬಣ್ಣದ ವಾಸನೆ ಹೊರಗೆ ಹೋಗಬಾರದು ಅಂತ ಬಾಗಿಲ ಸಂದುಗಳನ್ನೂ ಮುಚ್ಚುತ್ತಿದ್ದರಂತೆ. ಆಯಿಲ್ ಪೇಂಟ್ ಕೈಯಲ್ಲಿ ಹಿಡಿದವರಿಗೆ ಗೊತ್ತು, ಆ ವಾಸನೆ ಎಲ್ಲಿ ಬಚ್ಚಿಟ್ಟರೂ ನಿಲ್ಲುವುದಿಲ್ಲ. ಕೂದಲಿಗೆ, ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಮನೆಯವರಿಗೆ ಗೊತ್ತಾಗದೆ ಇರುತ್ತಾ?

ಅವರ ದಿನಚರಿ ಸಿಕ್ಕಿದೆಯಂತೆ. ಅದರಲ್ಲಿ ಏನಿದೆ?

1872ರ ದಿನಚರಿ ಉಳಿದಿದೆ. ಎಷ್ಟು ಹೊತ್ತು ಕೆಲಸ ಮಾಡಿದೆ, ಎಷ್ಟು ಹೊತ್ತು ಹಾಳು ಮಾಡಿದೆ ಅನ್ನುವ ಲೆಕ್ಕ ಅದರಲ್ಲಿ ಬರುತ್ತಲೇ ಇರುತ್ತದೆ. ಆ ವರ್ಷದ ಆಗಸ್ಟ್ 30ಕ್ಕೆ ಅವರಿಗೆ ಹದಿನೇಳು ತುಂಬಿತು. ಹುಟ್ಟುಹಬ್ಬದ ದಿನ ಹುಡುಗಿ ಬರೆದುಕೊಂಡದ್ದು ಇಷ್ಟು: ಹದಿನೇಳು ವರ್ಷ ತಿನ್ನುವುದರಲ್ಲಿ, ಸುಮ್ನೆ ಕಾಲ ಕಳೆಯುವುದರಲ್ಲೇ ಹೋಯಿತು, ಕಲೆ ಶಾಶ್ವತ, ಬದುಕು ಚಿಕ್ಕದು, ಇನ್ನು ಒಂದು ಗಳಿಗೆಯನ್ನೂ ಕಳೆಯುವ ಹಾಗಿಲ್ಲ.

ನಾನು ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹದಿನೇಳು ವರ್ಷಕ್ಕೇ ತಡವಾಯಿತು ಅಂತ ಸಂಕಟಪಡುವ ಹುಡುಗಿ! ಊಟಕ್ಕೆ ಕರೆದವರ ಮನೆಗೆ ಹೋಗಬೇಕು, ಬಂದವರ ಜೊತೆ ಕೂತು ಮಾತಾಡಬೇಕು, ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸಬೇಕು. ಶ್ರೀಮಂತರ ಮನೆಯ ಹೆಣ್ಣಿನ ದಿನ ಹೀಗೇ ಚೂರುಚೂರಾಗಿ ಹೋಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಹೊತ್ತು. ಮನೆಯಲ್ಲಿ ಬೇರೆ ಏನು ಕೇಳಿದ್ದರೂ ಸಿಗುತ್ತಿತ್ತು.

ಕೊನೆಗೆ ಕಲಾಶಾಲೆಗೆ ಹೇಗೆ ಸೇರಿದರು?

ಹಟ ಮಾಡಿ ಗೆದ್ದರು. ಮೊದಲು ಸೌತ್ ಕೆನ್ಸಿಂಗ್ಟನ್ನಿನ ಸರ್ಕಾರಿ ಕಲಾಶಾಲೆ, ಆಮೇಲೆ 1873ರಲ್ಲಿ ಸ್ಲೇಡ್. ಸ್ಲೇಡ್ ಶುರುವಾಗಿ ಆಗ ಎರಡೇ ವರ್ಷ. ಅಲ್ಲಿ ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಹಾಗೇ ಸೇರಿಸಿಕೊಳ್ಳುತ್ತಿದ್ದರು. ಎದುರಿಗೆ ರೂಪದರ್ಶಿಯನ್ನು ನಿಲ್ಲಿಸಿಕೊಂಡು ಮನುಷ್ಯನ ಮೈಕಟ್ಟು ಬರೆಯುವ ಅವಕಾಶ ಹೆಣ್ಣುಮಕ್ಕಳಿಗೂ ಇತ್ತು. ಇದು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಅದೇ ಊರಿನ ರಾಯಲ್ ಅಕಾಡೆಮಿ ಅನ್ನುವ ಕಲಾವಿದರ ದೊಡ್ಡ ಸಂಸ್ಥೆಯನ್ನು ನೋಡಿ. ಅಲ್ಲಿನ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಈ ತರಗತಿ ಸಿಕ್ಕಿದ್ದು 1893ರಲ್ಲಿ, ಅದೂ ರೂಪದರ್ಶಿಯ ಮೈಗೆ ಬಟ್ಟೆ ಸುತ್ತಿಸಿ. ಮೈಕಟ್ಟು ಗೊತ್ತಿಲ್ಲದೆ ಪುರಾಣದ ದೊಡ್ಡ ಚಿತ್ರ ಬರೆಯಲು ಆಗುವುದಿಲ್ಲ. ಹೆಂಗಸರು ಬರೀ ಹೂವು, ಹಣ್ಣು, ಮಕ್ಕಳ ಮುಖ ಬರೆಯುತ್ತಾರೆ ಅಂತ ಆಡಿಕೊಳ್ಳುತ್ತಿದ್ದವರು, ಬೇರೆ ಕಲಿಯಲು ಬಾಗಿಲೇ ತೆಗೆದಿರಲಿಲ್ಲ ಅನ್ನುವುದನ್ನು ಮರೆತಿದ್ದರು.

ಸ್ಲೇಡ್‌ನಲ್ಲಿ ಎವೆಲಿನ್ ಬಹುಮಾನಗಳನ್ನು ಗೆದ್ದರು. ಸ್ಕಾಲರ್‌ಶಿಪ್ಪೂ ಬಂತು.

‘ಮೇರಿ’ ಅನ್ನುವ ಹೆಸರನ್ನು ಯಾಕೆ ಬಿಟ್ಟರು?

ಆ ಕಾಲದಲ್ಲಿ ಎವೆಲಿನ್ ಅಂತ ಗಂಡಸರಿಗೂ ಹೆಸರಿಡುತ್ತಿದ್ದರು. ಹೆಸರು ನೋಡಿ ಚಿತ್ರದ ಬೆಲೆ ಕಟ್ಟುವ ಜನಕ್ಕೆ ಇದು ಹೆಣ್ಣೋ ಗಂಡೋ ಅಂತ ಗೊತ್ತಾಗಬಾರದು, ಕೆಲಸ ನೋಡಿ ಮಾತಾಡಬೇಕು. ಅಷ್ಟೇ.

ಇಟಲಿಯ ನಂಟು ಹೇಗೆ ಬಂತು?

ಸೋದರಮಾವನಿಂದ. ತಾಯಿಯ ತಮ್ಮ ಜಾನ್ ರಾಡಮ್ ಸ್ಪೆನ್ಸರ್ ಸ್ಟ್ಯಾನ್‌ಹೋಪ್ ಸ್ವತಃ ಕಲಾವಿದರು. ಮನೆಯಲ್ಲಿ ಈ ಹುಡುಗಿಯ ಪರವಾಗಿ ನಿಂತವರು ಅವರು. ಆಮೇಲೆ ಫ್ಲಾರೆನ್ಸ್ ಊರಿಗೇ ಹೋಗಿ ನೆಲೆಸಿದರು. ಎವೆಲಿನ್ ಈ ಸೋದರಮಾವನ ಮನೆಗೆ ಹೋಗಿ ಬಂದು ಮಾಡುತ್ತಿದ್ದರು. ಹೋದಾಗೆಲ್ಲ ಆ ಊರಿನ ಹಳೇ ಕಲಾವಿದ ಬಾಟಿಚೆಲಿಯ ಚಿತ್ರಗಳ ಮುಂದೆ ನಿಲ್ಲುತ್ತಿದ್ದರು. ಅದು ಅವರ ಕೈಯೊಳಗೆ ಇಳಿಯಿತು. ಉದ್ದ ಮೈ, ಗಾಳಿಗೆ ಹಾರುವ ಸೆರಗು, ಒಂದೊಂದೇ ಎಣಿಸಬಹುದಾದ ಹೂವುಗಳು, ಎಲ್ಲವೂ ಅಲ್ಲಿಂದ ಬಂದವು. ನಮ್ಮಲ್ಲೂ ಸೋದರಮಾವನ ಮನೆಯಲ್ಲಿ ಬೇಸಿಗೆ ರಜೆ ಕಳೆದು ಏನಾದರೊಂದು ಹುಚ್ಚು ಹತ್ತಿಸಿಕೊಂಡು ಬಂದವರು ಎಷ್ಟು ಜನ ಇಲ್ಲ!

ಅವರು ಪ್ರೀ-ರಾಫೆಲೈಟ್ ಪಂಥದವರಾ?

ಅದು ರಾಫೆಲ್‌ಗಿಂತ ಮುಂಚಿನ ಇಟಲಿಯ ಚಿತ್ರಕಲೆಯನ್ನು ಮೆಚ್ಚಿದ ಇಂಗ್ಲಿಷ್ ಕಲಾವಿದರ ಗುಂಪು. ಆ ಗುಂಪು ಹುಟ್ಟಿದ್ದು 1848ರಲ್ಲಿ, ಎವೆಲಿನ್ ಹುಟ್ಟುವುದಕ್ಕೆ ಏಳು ವರ್ಷ ಮುಂಚೆ. ಹಾಗಾಗಿ ಸದಸ್ಯೆ ಆಗುವ ಮಾತೇ ಇಲ್ಲ. ಅವರ ನಂತರದ ತಲೆಮಾರು ಅನ್ನಬಹುದು. ಆ ಕಾಲದ ಹೆಸರಾಂತ ಕಲಾವಿದ ಎಡ್ವರ್ಡ್ ಬರ್ನ್-ಜೋನ್ಸ್ ಅವರ ಛಾಯೆ ಇದೆ, ನಿಜ. ಆದರೆ ‘ಬರ್ನ್-ಜೋನ್ಸ್ ಶಿಷ್ಯೆ’ ಅಂತ ಒಂದೇ ಮಾತಿನಲ್ಲಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಬರ್ನ್-ಜೋನ್ಸ್ ಬರೆದ ಹೆಂಗಸರು ಕನಸಿನಲ್ಲಿ ಇದ್ದಂತೆ ಕಾಣುತ್ತಾರೆ. ಎವೆಲಿನ್ ಬರೆದ ಹೆಂಗಸರಿಗೆ ತೋಳಿನಲ್ಲಿ ಬಲ ಇದೆ, ತಲೆಯಲ್ಲಿ ಏನೋ ನಡೆಯುತ್ತಿದೆ. 1898ರ ‘ಕಸಾಂಡ್ರಾ’ ನೋಡಿ. ಹಿಂದೆ ಟ್ರಾಯ್ ನಗರ ಹೊತ್ತಿ ಉರಿಯುತ್ತಿದೆ. ಮುಂದೆ ಅವಳು ಎರಡೂ ಕೈಯಲ್ಲಿ ತನ್ನ ಕೂದಲು ಹಿಡಿದು ನಿಂತಿದ್ದಾಳೆ. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದಳು, ಯಾರೂ ನಂಬಲಿಲ್ಲ. ಆ ಮುಖದಲ್ಲಿ ಕನಸು ಎಲ್ಲಿದೆ?

ಹೊರಗಿನ ಜನ ಅವರನ್ನು ಯಾವಾಗ ಗುರುತಿಸಿದರು?

ಬೇಗನೇ. 1876ರಲ್ಲಿ ಡಡ್ಲಿ ಗ್ಯಾಲರಿಯಲ್ಲಿ ಮೊದಲ ಪ್ರದರ್ಶನ. ಮರುವರ್ಷ ಲಂಡನ್ನಿನಲ್ಲಿ ಗ್ರೋವ್‌ನರ್ ಗ್ಯಾಲರಿ ಶುರುವಾಯಿತು. ರಾಯಲ್ ಅಕಾಡೆಮಿಯ ಹಳೇ ದಾರಿ ಬೇಡ ಅಂದವರಿಗೆ ಅದೇ ದೊಡ್ಡ ಜಾಗ. ಅದರ ಮೊಟ್ಟಮೊದಲ ಪ್ರದರ್ಶನಕ್ಕೇ ಎವೆಲಿನ್‌ಗೆ ಕರೆ ಬಂತು. ಆಗ ವಯಸ್ಸು 21. ‘ನಾಕ್ಸೋಸ್‌ನಲ್ಲಿ ಅರಿಯಾಡ್ನಿ’ ಚಿತ್ರ ಕಳಿಸಿದರು. ಪ್ರಿಯಕರ ಬಿಟ್ಟುಹೋದ ಮೇಲೆ ಕಡಲ ದಂಡೆಯಲ್ಲಿ ಒಬ್ಬಳೇ ಕೂತ ಹೆಣ್ಣು.

‘ಫ್ಲೋರಾ’ದಲ್ಲಿ ಅಂಥದ್ದೇನಿದೆ?

ಇದಕ್ಕೆ ಸ್ವಲ್ಪ ಹೊತ್ತು ಬೇಕು.

1894ರ ಚಿತ್ರ. ಹೆಚ್ಚುಕಮ್ಮಿ ಆಳೆತ್ತರ ಇದೆ. ಫ್ಲೋರಾ ಅಂದರೆ ಹೂವಿನ ದೇವತೆ. ಹಿಂದೆ ದಟ್ಟ ಹಸಿರಿನ ಎಲೆಗಳ ಮರ, ಹಳದಿ ಹಣ್ಣು. ಆ ಎಲೆಗಳ ಮಧ್ಯೆ ಪುಟ್ಟ ಹಕ್ಕಿಗಳು ಕೂತಿವೆ. ಮೊದಲ ಸಲ ನೋಡಿದಾಗ ಒಂದೂ ಕಾಣುವುದಿಲ್ಲ. ಆಮೇಲೆ ಒಂದು ಕಾಣುತ್ತದೆ, ಪಕ್ಕದಲ್ಲಿ ಇನ್ನೊಂದು. ಉಡುಪಿನ ತುಂಬಾ ಪ್ಯಾನ್ಸಿ ಹೂವಿನ ಕಸೂತಿ. ಕೈಯಿಂದ ಹೂವು ಉದುರುತ್ತಿವೆ. ಉಡುಪಿನ ಮೇಲಿನ ಹೂವು ಎಲ್ಲಿ ಮುಗಿಯಿತು, ಉದುರುವ ಹೂವು ಎಲ್ಲಿ ಶುರುವಾಯಿತು ಅಂತ ಹುಡುಕುತ್ತಾ ಹೋದರೆ ಕಣ್ಣು ತಾನಾಗಿ ನೆಲಕ್ಕೆ ಇಳಿಯುತ್ತದೆ. ನೆಲದಲ್ಲಿ ಬರಿಗಾಲು, ಸುತ್ತ ಹುಲ್ಲು, ಹೂವು. ಅಲ್ಲೇ ಒಂದು ಕಾಗದದ ಚೀಟಿ ಬಿದ್ದಿದೆ. ಅದರಲ್ಲಿ ಇಟಾಲಿಯನ್ ಭಾಷೆಯ ಪದ್ಯ. ತಾನು ಫ್ಲಾರೆನ್ಸಿನಿಂದ ಬಂದವಳು, ಫ್ಲೋರಾ ಅಂತ ಅವಳೇ ಪರಿಚಯ ಹೇಳಿಕೊಳ್ಳುತ್ತಾಳೆ.

ಇದನ್ನು ಕೊಂಡವರು ಲಿವರ್‌ಪೂಲಿನ ವಿಲಿಯಂ ಇಮ್ರಿ. ವೈಟ್ ಸ್ಟಾರ್ ಹಡಗು ಕಂಪನಿಯ ಪಾಲುದಾರರು. ಮುಂದೆ ಟೈಟಾನಿಕ್ ಬಿಟ್ಟದ್ದು ಅದೇ ಕಂಪನಿ, ಆ ಹೊತ್ತಿಗೆ ಇಮ್ರಿ ಇರಲಿಲ್ಲ. ಎವೆಲಿನ್ ಅವರ ಎಷ್ಟೋ ಚಿತ್ರಗಳನ್ನು ಇವರು ಕೊಂಡರು.

ಚಿತ್ರಗಳಲ್ಲಿ ಒಂದೇ ಮುಖ ಮತ್ತೆ ಮತ್ತೆ ಬರುತ್ತದೆ. ಯಾರದು?

ಹೆಚ್ಚಿನವುಗಳಲ್ಲಿ ಜೇನ್ ಹೇಲ್ಸ್. ತಂಗಿ ವಿಲ್ಹೆಲ್ಮಿನಾಳನ್ನು ನೋಡಿಕೊಳ್ಳುತ್ತಿದ್ದ ದಾದಿ. ದೇವತೆಗಳು, ರಾಣಿಯರು, ಪುರಾಣದ ನಾಯಕಿಯರು, ಎಲ್ಲರ ಹಿಂದೆ ಮನೆಗೆಲಸದ ಈ ಹೆಣ್ಣುಮಗಳು ಗಂಟೆಗಟ್ಟಲೆ ಅಲುಗಾಡದೆ ನಿಂತಿದ್ದಾಳೆ. ಅವಳ ಹೆಸರು ಉಳಿದದ್ದು ನನಗೆ ಸಮಾಧಾನ. ಎಷ್ಟೋ ರೂಪದರ್ಶಿಗಳ ಹೆಸರೂ ಗೊತ್ತಿಲ್ಲ.

ಮದುವೆ ಯಾರ ಜೊತೆ? ಗಂಡ ಏನು ಮಾಡುತ್ತಿದ್ದರು?

1887ರ ಮಾರ್ಚ್ 5ರಂದು ವಿಲಿಯಂ ಡಿ ಮಾರ್ಗನ್ ಜೊತೆ ಮದುವೆ. ಅವರಿಗೆ 47, ಇವರಿಗೆ 31. ಆ ಕಾಲಕ್ಕೆ ತಡವಾದ ಮದುವೆ. ಮಕ್ಕಳಾಗಲಿಲ್ಲ.

ವಿಲಿಯಂ ಮಡಕೆ, ತಟ್ಟೆ, ಟೈಲ್ಸ್ ಮಾಡುವವರು. ಹೆಸರಾಂತ ವಿನ್ಯಾಸಕಾರ ವಿಲಿಯಂ ಮಾರಿಸ್ ಅವರ ಗೆಳೆಯ. ಮಣ್ಣಿನ ಪಾತ್ರೆಗೆ ಲೋಹದ ಹೊಳಪು ಕೊಡುವ ಹಳೇ ವಿದ್ಯೆ ಇಂಗ್ಲೆಂಡಿನಲ್ಲಿ ಮರೆತುಹೋಗಿತ್ತು. ಅದನ್ನು ಪ್ರಯೋಗ ಮಾಡಿ ಮಾಡಿ ಮತ್ತೆ ಕಂಡುಕೊಂಡರು. ಟರ್ಕಿ, ಪರ್ಷಿಯಾ ಶೈಲಿಯ ನೀಲಿ ಹಸಿರು ಬಣ್ಣಗಳು, ಬಾಲ ಸುತ್ತಿಕೊಂಡ ಡ್ರ್ಯಾಗನ್‌ಗಳು, ಮೀನು, ಹಡಗು. ನೋಡಿದರೆ ಆಸೆಯಾಗುತ್ತದೆ. ಆದರೆ ವ್ಯಾಪಾರ ಅವರ ಕೈಗೆ ಹತ್ತಲಿಲ್ಲ. ಆವಿಗೆಯಲ್ಲಿ ಸುಟ್ಟದ್ದೆಲ್ಲ ಸರಿಯಾಗಿ ಬರುತ್ತದೆ ಅಂತ ಹೇಳಲು ಬರುತ್ತಾ? ಖರ್ಚು ಜಾಸ್ತಿ, ಬರುವುದು ಕಮ್ಮಿ. ಕಾರ್ಖಾನೆ ನಡೆದದ್ದು ಹೆಂಡತಿಯ ದುಡ್ಡಿನಿಂದ. ತನ್ನ ಪಾಲಿಗೆ ಬಂದ ಹಣವನ್ನೂ, ಚಿತ್ರ ಮಾರಿ ಬಂದದ್ದನ್ನೂ ಎವೆಲಿನ್ ಅದರಲ್ಲಿ ಹಾಕಿದರು. 1907ರಲ್ಲಿ ಕೊನೆಗೂ ಮುಚ್ಚಬೇಕಾಯಿತು.

ಶ್ರೀಮಂತರ ಮನೆಯ ಹೆಂಗಸು, ಹೊತ್ತು ಹೋಗದೆ ಚಿತ್ರ ಬರೆಯುತ್ತಿದ್ದರು ಅಂತ ಹೇಳುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ಆ ಮನೆಯಲ್ಲಿ ಆವಿಗೆಗೆ ಬೆಂಕಿ ಹತ್ತಬೇಕಾದರೆ ಕ್ಯಾನ್ವಾಸ್ ಮಾರಾಟ ಆಗಬೇಕಿತ್ತು.

ಗಂಡ ಕಾದಂಬರಿಕಾರರೂ ಹೌದಂತೆ?

ಅದೊಂದು ಚೆಂದದ ಕಥೆ. ವಿಲಿಯಂ ಒಂದು ಕಥೆ ಬರೆಯಲು ಶುರು ಮಾಡಿ, ಇದು ಸರಿ ಬರಲಿಲ್ಲ ಅಂತ ಎಸೆದಿದ್ದರಂತೆ. ಎವೆಲಿನ್ ಆ ಹಾಳೆಗಳನ್ನು ಎತ್ತಿ ಓದಿ, ಗಂಡ ಕಾಯಿಲೆಯಿಂದ ಮಲಗಿದ್ದಾಗ ಹಾಸಿಗೆ ಪಕ್ಕದಲ್ಲಿ ಪೆನ್ಸಿಲ್ ಜೊತೆ ಇಟ್ಟರಂತೆ. ಅವರು ಮುಂದುವರಿಸಿದರು. ಅದೇ 1906ರಲ್ಲಿ ಅಚ್ಚಾದ ‘ಜೋಸೆಫ್ ವ್ಯಾನ್ಸ್’. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಚೆನ್ನಾಗಿ ಮಾರಾಟವಾಯಿತು. 66ನೇ ವಯಸ್ಸಿನಲ್ಲಿ ಮೊದಲ ಕಾದಂಬರಿ! ಜೀವನವಿಡೀ ಮಡಕೆ ಮಾಡಿ ಬಾರದ ದುಡ್ಡು ಆಗ ಬಂತು.

ಎವೆಲಿನ್ ಹೇಗೆ ಕೆಲಸ ಮಾಡುತ್ತಿದ್ದರು?

ನೇರವಾಗಿ ಕ್ಯಾನ್ವಾಸಿಗೆ ಕೈ ಹಾಕುತ್ತಿರಲಿಲ್ಲ. ಮೊದಲು ರಾಶಿ ರಾಶಿ ರೇಖಾಚಿತ್ರಗಳು. ಬಟ್ಟೆಯ ಒಂದು ನಿರಿಗೆಗೆ ಬೇರೆ ಹಾಳೆ, ಒಂದು ಮಣಿಕಟ್ಟಿಗೆ ಬೇರೆ ಹಾಳೆ. ಬಟ್ಟೆಯೊಳಗೆ ಮೈ ಹೇಗಿದೆ ಅಂತ ಮೊದಲು ಬರೆದು, ಆಮೇಲೆ ಅದಕ್ಕೆ ಬಟ್ಟೆ ತೊಡಿಸುತ್ತಿದ್ದರು. ಚಿನ್ನದ ಬಣ್ಣದಲ್ಲಿ ಬರೆದ ರೇಖಾಚಿತ್ರಗಳೂ ಇವೆ. ಗಂಡ ಎಣ್ಣೆಗೆ ಬದಲು ಗ್ಲಿಸರಿನ್ನಿನಲ್ಲಿ ಬಣ್ಣ ಅರೆಯುವ ಒಂದು ವಿಧಾನ ಕಂಡುಹಿಡಿದರು. ಎವೆಲಿನ್ ಅದನ್ನೂ ಕೆಲವು ಚಿತ್ರಗಳಲ್ಲಿ ಬಳಸಿ ನೋಡಿದರು. ಅವರ ಬಣ್ಣ ಅಷ್ಟು ಹೊಳೆಯುವುದು ನೋಡಿದರೆ ಗಂಡನ ಟೈಲ್ಸ್ ನೆನಪಾಗುತ್ತದೆ.

ಆತ್ಮಗಳ ಜೊತೆ ಮಾತಾಡುತ್ತಿದ್ದರು ಅನ್ನುವುದು ನಿಜವಾ?

ಆತ್ಮಗಳು ತಮ್ಮ ಕೈಯಿಂದ ಬರೆಸುತ್ತವೆ ಅಂತ ದಂಪತಿಗಳು ನಂಬಿದ್ದರು. ಅತ್ತೆ ಸೋಫಿಯಾ ಡಿ ಮಾರ್ಗನ್ ಕೂಡ ಆ ನಂಬಿಕೆಯವರು. ಹಾಗೆ ಬರೆದ ಬರಹಗಳನ್ನು 1909ರಲ್ಲಿ ಹೆಸರು ಹಾಕದೆ ಪುಸ್ತಕ ಮಾಡಿದರು. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಚಿತ್ರ ನೋಡುವವರಿಗೆ ಇದು ಗೊತ್ತಿದ್ದರೆ ಒಳ್ಳೇದು. ಸಾವಿನ ದೂತ ಹೆದರಿಸದೆ ಮೆಲ್ಲಗೆ ಬಂದು ಕರೆಯುವುದು, ಸೆರೆಮನೆಯ ಕತ್ತಲಿಗೆ ದೀಪ ಹಿಡಿದು ಬರುವ ಭರವಸೆ, ಹಣದ ದೈವದ ಮೊಣಕಾಲು ಹಿಡಿದು ಬೇಡುವ ಹೆಣ್ಣು, ಇವೆಲ್ಲ ಆ ಚಿಂತನೆಯಿಂದ ಬಂದವು. ದೇಹವೆಂಬ ಸೆರೆಯಿಂದ ಆತ್ಮ ಬಿಡಿಸಿಕೊಳ್ಳುವ ಮಾತು ನಮ್ಮ ತತ್ವಪದ, ವಚನ ಕೇಳಿ ಬೆಳೆದವರಿಗೆ ಹೊಸದಲ್ಲ.

ಹೆಂಗಸರ ಹಕ್ಕಿನ ಬಗ್ಗೆ ಏನಾದರೂ ಮಾಡಿದರಾ?

ಹೆಂಗಸರಿಗೆ ಮತದಾನದ ಹಕ್ಕು ಬೇಕು ಅನ್ನುವ 1889ರ ಮನವಿಗೆ ಸಹಿ ಹಾಕಿದರು. ಗಂಡನೂ ಅದೇ ಪಕ್ಷ. ಆದರೆ ಬೀದಿಗಿಂತ ಜಾಸ್ತಿ ಕ್ಯಾನ್ವಾಸಿನಲ್ಲೇ ಮಾತಾಡಿದರು. ‘ಚಿನ್ನದ ಪಂಜರ’ ನೋಡಿ. ಬಂಗಾರದ ಬಣ್ಣದ ಉಡುಪು ತೊಟ್ಟ ಹೆಂಗಸು ಕಿಟಕಿಗೆ ಕೈ ಚಾಚಿ ನಿಂತಿದ್ದಾಳೆ. ಪಕ್ಕದಲ್ಲಿ ವಯಸ್ಸಾದ ಗಂಡ ಕೂತಿದ್ದಾನೆ. ಪಂಜರದಲ್ಲಿ ಹಕ್ಕಿ. ಒಡವೆಗಳು ನೆಲದ ಮೇಲೆ ಬಿದ್ದಿವೆ. ಹೊರಗೆ ಜನ ಕುಣಿಯುತ್ತಾ ಹೋಗುತ್ತಿದ್ದಾರೆ, ಆಕಾಶದಲ್ಲಿ ಇನ್ನೊಂದು ಹಕ್ಕಿ ಹಾರುತ್ತಿದೆ. ಬಾಗಿಲ ಸಂದು ಮುಚ್ಚಿ ಚಿತ್ರ ಬರೆದ ಹುಡುಗಿ ಎಷ್ಟೋ ವರ್ಷದ ಮೇಲೂ ಆ ಕೋಣೆಯನ್ನು ಮರೆತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಮೊದಲ ಮಹಾಯುದ್ಧದಲ್ಲಿ?

ಯುದ್ಧ ಅವರನ್ನು ತುಂಬಾ ಕಾಡಿತು. ಅದಕ್ಕೂ ಮುಂಚೆ ಗಂಡನ ಆರೋಗ್ಯಕ್ಕಾಗಿ ಎಷ್ಟೋ ವರ್ಷ ಚಳಿಗಾಲವೆಲ್ಲ ಫ್ಲಾರೆನ್ಸಿನಲ್ಲೇ ಇರುತ್ತಿದ್ದರು. 1914ಕ್ಕೆ ಅದು ನಿಂತಿತು. ‘ರೆಡ್ ಕ್ರಾಸ್’ ಚಿತ್ರದಲ್ಲಿ ದೇವದೂತರು ಕ್ರಿಸ್ತನನ್ನು ಹೊತ್ತು ತರುತ್ತಿದ್ದಾರೆ, ಕೆಳಗೆ ಹಾಳಾದ ನೆಲದಲ್ಲಿ ಸೈನಿಕರ ಸಮಾಧಿಯ ಶಿಲುಬೆಗಳು. 1916ರಲ್ಲಿ ತಮ್ಮ ಸ್ಟುಡಿಯೋದಲ್ಲೇ ಯುದ್ಧದ ಚಿತ್ರಗಳನ್ನು ಪ್ರದರ್ಶಿಸಿ, ಬಂದ ಹಣವನ್ನು ರೆಡ್ ಕ್ರಾಸ್ ಸಂಸ್ಥೆಗೆ ಕೊಟ್ಟರು.

1917ರ ಜನವರಿಯಲ್ಲಿ ವಿಲಿಯಂ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟ ಕಾದಂಬರಿಗಳನ್ನು ಎವೆಲಿನ್ ಮುಗಿಸಿದರು. ಸಮಾಧಿಯ ಕಲ್ಲಿಗೆ ವಿನ್ಯಾಸವನ್ನೂ ತಾವೇ ಮಾಡಿದರು. ಎರಡು ವರ್ಷಕ್ಕೆ ಬ್ರೂಕ್‌ವುಡ್ ಸ್ಮಶಾನದಲ್ಲಿ ಅದೇ ಕಲ್ಲಿನ ಕೆಳಗೆ ತಾವೂ ಮಲಗಿದರು.

ಇಷ್ಟು ಕೆಲಸ ಮಾಡಿದವರ ಹೆಸರು ನಮಗೆ ಯಾಕೆ ಗೊತ್ತಿಲ್ಲ?

ಒಂದು, ಯುದ್ಧದ ನಂತರ ಇಂಥ ಚಿತ್ರಗಳ ಫ್ಯಾಷನ್ನೇ ಹೋಯಿತು. ಇನ್ನೊಂದು ಕಾರಣಕ್ಕೆ ಸಿಟ್ಟು ಬರುತ್ತದೆ. ಬೋರ್ನ್‌ಮತ್ ಊರಿನ ರಸಲ್-ಕೋಟ್ಸ್ ಮ್ಯೂಸಿಯಮ್ಮಿನಲ್ಲಿ ‘ಅರೋರಾ ಟ್ರಯಂಫನ್ಸ್’ ಅನ್ನುವ ದೊಡ್ಡ ಚಿತ್ರ ಇದೆ. ಬೆಳಗಿನ ದೇವತೆ, ತುತ್ತೂರಿ ಊದುವ ಕೆಂಪು ರೆಕ್ಕೆಯ ದೂತರು. ಅದು ಬರ್ನ್-ಜೋನ್ಸ್ ಬರೆದದ್ದು ಅಂತ ಬಹಳ ಕಾಲ ನಂಬಿದ್ದರು. ಯಾಕೆಂದರೆ ಚಿತ್ರದ ಮೇಲೆ ಅವರ ಹೆಸರಿನ ಅಕ್ಷರಗಳಿದ್ದವು. ಎವೆಲಿನ್ ಹಾಕಿದ ಗುರುತಿನ ಜಾಗದಲ್ಲಿ ಯಾರೋ ಅವನ್ನು ಬರೆದಿದ್ದರು. ದೊಡ್ಡ ಗಂಡಸಿನ ಹೆಸರಿದ್ದರೆ ಬೆಲೆ ಜಾಸ್ತಿ ಅಲ್ವಾ?

ರಾಯಲ್ ಅಕಾಡೆಮಿಯ ವಿಷಯವನ್ನೂ ಹೇಳಿಬಿಡುತ್ತೇನೆ. 1768ರಲ್ಲಿ ಅದು ಶುರುವಾದಾಗ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು. ಮತ್ತೆ ಒಬ್ಬ ಹೆಂಗಸನ್ನು ಆರಿಸಿದ್ದು 1922ರಲ್ಲಿ. ಎವೆಲಿನ್ ತೀರಿಕೊಂಡು ಮೂರು ವರ್ಷ ಆಗಿತ್ತು.

ಹಾಗಾದರೆ ಚಿತ್ರಗಳು ಉಳಿದದ್ದು ಹೇಗೆ?

ತಂಗಿಯಿಂದ. ವಿಲ್ಹೆಲ್ಮಿನಾ ಸ್ಟರ್ಲಿಂಗ್ ಅಕ್ಕನ ಚಿತ್ರಗಳನ್ನು, ಭಾವನ ಮಡಕೆಗಳನ್ನು ಒಂದೊಂದಾಗಿ ಹುಡುಕಿ ತಂದರು. ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಲಂಡನ್ನಿನ ಓಲ್ಡ್ ಬ್ಯಾಟರ್‌ಸೀ ಹೌಸ್ ತುಂಬಾ ಅವನ್ನೇ ತುಂಬಿದರು. ಬಂದವರಿಗೆ ತಾವೇ ತೋರಿಸುತ್ತಿದ್ದರು. ನೂರು ತುಂಬುವುದಕ್ಕೆ ಸ್ವಲ್ಪ ಮುಂಚೆ, 1965ರಲ್ಲಿ, ತೀರಿಕೊಂಡರು. ಆ ಸಂಗ್ರಹವನ್ನು ನೋಡಿಕೊಳ್ಳಲು ಡಿ ಮಾರ್ಗನ್ ಪ್ರತಿಷ್ಠಾನ ಹುಟ್ಟಿತು. 1991ರಲ್ಲಿ ಲಂಡನ್ನಿನ ಒಂದು ಗೋದಾಮಿಗೆ ಬೆಂಕಿ ಬಿದ್ದು ಎವೆಲಿನ್ ಅವರ 16 ಚಿತ್ರಗಳು ಸುಟ್ಟುಹೋದವು. ಒಬ್ಬ ತಂಗಿ ಅಷ್ಟು ವರ್ಷ ಕಾಪಾಡಿದ್ದು ಒಂದೇ ದಿನದಲ್ಲಿ ಬೂದಿಯಾಯಿತು.

ಈಗ ಎಲ್ಲಿ ನೋಡಬಹುದು?

ಇಂಗ್ಲೆಂಡಿನಲ್ಲಿ ಇರುವವರು, ಮಕ್ಕಳನ್ನು ನೋಡಲು ಹೋಗುವವರು ಎರಡು ಜಾಗ ಗುರುತು ಹಾಕಿಕೊಳ್ಳಿ. ಒಂದು ವುಲ್ವರ್‌ಹ್ಯಾಂಪ್ಟನ್ ಹತ್ತಿರದ ವಿಟಿಕ್ ಮ್ಯಾನರ್. ಇನ್ನೊಂದು ಬಾರ್ನ್ಸ್‌ಲಿಯ ಕ್ಯಾನನ್ ಹಾಲ್. ಹೌದು, ಅದೇ ಕ್ಯಾನನ್ ಹಾಲ್, ಮಗಳು ಕಲಾವಿದೆ ಆಗುವುದು ಬೇಡ ಅಂದ ತಾಯಿಯ ತವರುಮನೆ. ಈಗ ಅದು ಮ್ಯೂಸಿಯಂ, ಮಗಳ ಚಿತ್ರಗಳು ಅಲ್ಲಿನ ಗೋಡೆಯ ಮೇಲಿವೆ. ಚಿತ್ರಗಳು ಪ್ರದರ್ಶನಕ್ಕೆ ಬೇರೆ ಊರುಗಳಿಗೆ ಹೋಗುತ್ತಾ ಇರುತ್ತವೆ, ಹೊರಡುವ ಮುಂಚೆ ಒಮ್ಮೆ ವಿಚಾರಿಸಿ. ಇಲ್ಲೇ ಇರುವವರು ಕಂಪ್ಯೂಟರಿನಲ್ಲಿ ‘ಫ್ಲೋರಾ’ ತೆಗೆದು ದೊಡ್ಡದು ಮಾಡಿ. ಎಲೆಗಳ ಮಧ್ಯೆ ಎಷ್ಟು ಹಕ್ಕಿ ಸಿಕ್ಕವು ಅಂತ ನನಗೂ ಹೇಳಿ.